ಸಬ್‌ವೂಫರ್‌ಗೆ ಪ್ಯಾಸಿವ್ ಕ್ರಾಸೋವರ್ ಸಾಕಾ, ಇಲ್ಲಾ ಎಲೆಕ್ಟ್ರಾನಿಕ್ಕೇ ಬೇಕಾ? ಹಳೇ ಆಂಪ್, ಒಳಗೆ ಫಿಲ್ಟರ್ ಇಲ್ಲ

ಡಿಕ್ಕಿಗುಡುಗು:

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ತಲೆ ಕೆಟ್ಟು ಕೇಳ್ತಾ ಇದೀನಿ.

ನನ್ ಕಾರಲ್ಲಿ ಇರೋದು 12 ಇಂಚಿನ ಸಬ್ (ಬರೀ ಬಾಸ್‌ಗೆ ಅಂತ ಇರೋ ಸ್ಪೀಕರ್), ಸಿಂಗಲ್ ಕಾಯಿಲ್, 4 ಓಮ್, ಸೀಲ್ಡ್ ಬಾಕ್ಸಲ್ಲಿ ಡಿಕ್ಕಿಯೊಳಗೆ ಕೂತಿದೆ. ಅದನ್ನ ಓಡ್ಸೋಕೆ ಹಳೇ ಕಾಲದ ಎರಡು ಚಾನೆಲ್ ಆಂಪ್, ಬ್ರಿಡ್ಜ್ ಮಾಡಿದ್ರೆ (ಎರಡೂ ಚಾನೆಲ್ ಸೇರ್ಸಿ ಒಂದು ಮಾಡಿದ್ರೆ) 4 ಓಮ್‌ಗೆ 200 ವ್ಯಾಟ್. ಗಟ್ಟಿ ಆಸಾಮಿ, ಎತ್ತೋಕೆ ಎರಡು ಕೈ ಬೇಕು, ಆದ್ರೆ ಅದ್ರಲ್ಲಿ ಫಿಲ್ಟರ್ ಅನ್ನೋದೇ ಇಲ್ಲ, ಒಂದು ಗೇನ್ ನಾಬ್ ಇದೆ ಅಷ್ಟೇ. ಹೆಡ್ ಯುನಿಟ್ (ಡ್ಯಾಶ್‌ಬೋರ್ಡಲ್ಲಿರೋ ಸ್ಟೀರಿಯೋ) ಹಿಂದೆ ಒಂದೇ ಒಂದು ಜೊತೆ ಆರ್‌ಸಿಎ ಔಟ್ (ಆಂಪ್‌ಗೆ ಸಿಗ್ನಲ್ ಕೊಡೋ ಸಾಕೆಟ್) ಇದೆ, ಅದನ್ನ ನೇರ ಆಂಪ್‌ಗೆ ಕೊಟ್ಟಿದೀನಿ. ಮುಂದಿನ ಡೋರ್ ಸ್ಪೀಕರ್ ಎಲ್ಲಾ ಹೆಡ್ ಯುನಿಟ್ ಪವರ್ ಮೇಲೇ ನಡೀತಿದೆ.

ಪರಿಣಾಮ ಏನಪ್ಪಾ ಅಂದ್ರೆ ಬಾಸ್ ಏನೋ ಬರ್ತಿದೆ, ಆದ್ರೆ ಹಾಡೋರು ಡಿಕ್ಕಿಯೊಳಗೆ ಸಿಕ್ಕಾಕ್ಕೊಂಡು ಅಲ್ಲಿಂದ ಕೂಗ್ತಿರೋ ಥರ ಕೇಳುತ್ತೆ. ನಿನ್ನೆ ಫೋನ್ ಕಾಲ್ ಬಂತು, ಮಾತಾಡ್ತಿರೋನು ಹಿಂದಿನ ಸೀಟಲ್ಲಿ ಇದಾನೆ ಅಂತ ಪಕ್ಕದಲ್ಲಿ ಕೂತೋರು ನಿಜವಾಗ್ಲೂ ತಿರುಗಿ ನೋಡಿದ್ರು.

ಒಬ್ಬ ಗೆಳೆಯ ತನ್ನ ಹಳೇ ಸೆಟ್ಟಿಂದ ಬಿಚ್ಚಿಟ್ಟಿದ್ದ ಪ್ಯಾಸಿವ್ ಲೋ ಪಾಸ್ ಬಾಕ್ಸ್ (ಕೆಳಗಿನ ಸೌಂಡ್ ಮಾತ್ರ ಬಿಡೋ ಕ್ರಾಸೋವರ್) ಕೊಟ್ಟಿದಾನೆ. ಮೇಲೆ 4 ಓಮ್, 100 ಹರ್ಟ್ಸ್, 12 ಡಿಬಿ ಅಂತ ಬರ್ದಿದೆ (100ರಿಂದ ಮೇಲೆ ಫ್ರೀಕ್ವೆನ್ಸಿ ಎರಡರಷ್ಟಾದಂಗೆಲ್ಲಾ 12 ಡಿಬಿ ಇಳಿಸುತ್ತೆ ಅಂತ), ಒಳಗೆ ಕಬ್ಬಿಣದ ಕೋರ್ ಇರೋ ದಪ್ಪ ಕಾಯಿಲ್ ಒಂದು, ಕೆಪಾಸಿಟರ್ ಎರಡು. ಆಂಪ್‌ಗೂ ಸಬ್‌ಗೂ ಮಧ್ಯ ಸೇರ್ಸಿದ್ರೆ ಮುಗೀತು, ಪವರ್ ವೈರ್ ಎಳೆಯೋ ಗೋಳೂ ಇಲ್ಲ ಅಂತಾನೆ. ಇನ್ನೊಬ್ಬ ಅದನ್ನ ಮುಟ್ಲೇಬೇಡ, ಆಂಪ್‌ಗಿಂತ ಮೊದ್ಲು ಹಾಕೋ ಎಲೆಕ್ಟ್ರಾನಿಕ್ ಕ್ರಾಸೋವರ್ ತಗೋ ಅಂತಾನೆ. ಇಬ್ರೂ ಯಾಕೆ ಅಂತ ಮಾತ್ರ ಹೇಳಲ್ಲ.

ಫ್ರೀಯಾಗಿ ಸಿಕ್ಕಿರೋದನ್ನ ಹಾಕಿದ್ರೆ ಏನು ನಷ್ಟ? ಸ್ವಲ್ಪ ಬಿಡಿಸಿ ಹೇಳಿ.

ಎಂಬತ್ತುಹರ್ಟ್ಸ್:

ಎರಡನೇ ಗೆಳೆಯ ಹೇಳಿದ್ದು ಸರಿ. ಯಾಕೆ ಅಂತ ನಾನ್ ಹೇಳ್ತೀನಿ.

ಪ್ಯಾಸಿವ್ ಅಂದ್ರೆ ಆಂಪ್ ಪೂರ್ತಿ ದುಡಿದಾದ್ಮೇಲೆ ಸೋಸೋದು, ಎಲೆಕ್ಟ್ರಾನಿಕ್ ಅಂದ್ರೆ ಆಂಪ್‌ಗೆ ಹೋಗೋ ಮೊದ್ಲೇ, ಸಿಗ್ನಲ್ ಇನ್ನೂ ಒಂದೆರಡು ವೋಲ್ಟ್ ಇರೋವಾಗ್ಲೇ ಸೋಸೋದು. ಆಂಪ್ ಆದ್ಮೇಲೆ ಸೋಸ್ಬೇಕು ಅಂದ್ರೆ ಸ್ಪೀಕರ್ ಕರೆಂಟ್ ಪೂರ್ತಿ ಆ ಕಾಯಿಲ್ ಒಳಗೇ ಹರೀಬೇಕು. ಟ್ವೀಟರ್‌ಗಾದ್ರೆ ಪರ್ವಾಗಿಲ್ಲ, 3000 ಹರ್ಟ್ಸಲ್ಲಿ 4 ಓಮ್‌ಗೆ 13 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದಿದ್ರೆ 6 ಡಿಬಿ ಫಿಲ್ಟರ್ ರೆಡಿ, ಹೆಬ್ಬೆರಳಷ್ಟು ಸಾಮಾನು. ಫ್ರೀಕ್ವೆನ್ಸಿ ಕೆಳಗಿಳೀತಾ ಹೋದಂಗೆ ಸಾಮಾನು ಅದೇ ಲೆಕ್ಕದಲ್ಲಿ ದೊಡ್ದಾಗ್ತಾ ಹೋಗುತ್ತೆ. 80 ಹರ್ಟ್ಸ್‌ಗೆ 12 ಡಿಬಿ ಫಿಲ್ಟರ್ ಬೇಕು ಅಂದ್ರೆ 4 ಓಮ್‌ಗೆ ಸುಮಾರು 11 ಮಿಲಿಹೆನ್ರಿ ಕಾಯಿಲ್, 350 ಮೈಕ್ರೋಫ್ಯಾರಡ್ ಕೆಪಾಸಿಟರ್. ನಿನ್ನ 100 ಹರ್ಟ್ಸ್ ಬಾಕ್ಸಲ್ಲಿ 9 ಮಿಲಿಹೆನ್ರಿ ಆಸುಪಾಸು ಇರ್ಬೇಕು. ಅಷ್ಟು ಸುತ್ತು ತಾಮ್ರಕ್ಕೆ ಅದರದ್ದೇ ರೆಸಿಸ್ಟೆನ್ಸ್ ಇರುತ್ತೆ. ಅದು 0.6 ಓಮ್ ಇದೆ ಅಂದ್ಕೋ, 200 ವ್ಯಾಟ್ ಆಂಪ್ ಫುಲ್ ಕೊಟ್ಟಾಗ ಸಬ್‌ಗೆ ತಲುಪೋದು 150 ವ್ಯಾಟ್, ಕಾಯಿಲ್ ಒಳಗೆ 22, 23 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತೆ. ಅಂದ್ರೆ 25 ವ್ಯಾಟ್ ಸೋಲ್ಡರಿಂಗ್ ಐರನ್ ಒಂದನ್ನ ಆನ್ ಮಾಡಿ ಡಿಕ್ಕಿಯ ಕಾರ್ಪೆಟ್ ಕೆಳಗೆ ಇಟ್ಟಂಗೆ. ಅದು ಬೇಡ ಅಂತ ದಪ್ಪ ವೈರಿನ ಏರ್ ಕೋರ್ ಕಾಯಿಲ್ ಸುತ್ತಿಸಿದ್ರೆ ಕಿಲೋ ಲೆಕ್ಕದಲ್ಲಿ ತಾಮ್ರ ಬೇಕು. ಕಬ್ಬಿಣದ ಕೋರ್ ಹಾಕಿದ್ರೆ ಸುತ್ತು ಕಮ್ಮಿ ಸಾಕು, ಆದ್ರೆ ಜೋರು ಹೊಡ್ತಕ್ಕೆ ಕೋರ್ ಸ್ಯಾಚುರೇಟ್ ಆಗುತ್ತೆ (ಇನ್ನಷ್ಟು ಕಾಂತಶಕ್ತಿ ಹಿಡಿಯಲ್ಲ), ಆ ಕ್ಷಣಕ್ಕೆ ಅದು 9 ಮಿಲಿಹೆನ್ರಿಯಾಗಿ ಉಳಿಯೋದೇ ಇಲ್ಲ.

ಇನ್ನೊಂದು ಡ್ಯಾಂಪಿಂಗ್. ಆಂಪ್ ಪುಸ್ತಕದಲ್ಲಿ ಡ್ಯಾಂಪಿಂಗ್ ಫ್ಯಾಕ್ಟರ್ 200 ಅಂತ ಇದ್ರೂ ಮಧ್ಯದಲ್ಲಿ 0.6 ಓಮ್ ಬಂತು ಅಂದ್ರೆ ಸಬ್ ಕಡೆಯಿಂದ ನೋಡಿದಾಗ ಅದು ಆರೂವರೆ. ಕೋನ್ ಮೇಲೆ ಆಂಪ್‌ನ ಹಿಡಿತ ಸಡಿಲ ಆಗುತ್ತೆ.

ಎಲೆಕ್ಟ್ರಾನಿಕ್‌ನಲ್ಲಿ ಈ ರಗಳೆ ಯಾವ್ದೂ ಇಲ್ಲ, ಒಂದೆರಡು ಆಪ್ ಆಂಪ್ ಐಸಿ, ಕಾಳಿನಷ್ಟು ಕೆಪಾಸಿಟರ್, 24 ಡಿಬಿ ಸ್ಲೋಪ್ ಆರಾಮಾಗಿ ಸಿಗುತ್ತೆ, ನಾಬ್ ತಿರುಗ್ಸಿದ್ರೆ 60, ಇನ್ನೊಂಚೂರು ತಿರುಗ್ಸಿದ್ರೆ 90. ಕಾಯಿಲ್‌ನ ತಿರುಗ್ಸೋಕೆ ಆಗುತ್ತಾ?

ತಂತಿಮಾವ:

ಎಂಬತ್ತು ಅವ್ರೇ, ಲೆಕ್ಕ ತಪ್ಪಿಲ್ಲ ಆದ್ರೆ ಹೆದರ್ಸೋದು ಜಾಸ್ತಿ ಆಯ್ತು. 200 ಹೋಗಿ 150 ಆಯ್ತು ಅಂದ್ರೆ 1.2 ಡಿಬಿ, ಗಾಡಿ ಓಡ್ತಾ ಇರೋವಾಗ ಯಾರ ಕಿವಿಗೂ ಗೊತ್ತಾಗಲ್ಲ. ಹಾಡು ಅಂದ್ರೆ ಸದಾಕಾಲ ಫುಲ್ ಪವರ್ರೂ ಅಲ್ಲ, ಸರಾಸರಿ ತಗೊಂಡ್ರೆ ನಿಮ್ ಸೋಲ್ಡರಿಂಗ್ ಐರನ್ ಅಷ್ಟೊತ್ತಿಗೆ ತಣ್ಣಗಾಗಿರುತ್ತೆ. ಡ್ಯಾಂಪಿಂಗ್ ಅಂತೀರಾ, ಸಬ್‌ನ ವಾಯ್ಸ್ ಕಾಯಿಲ್ಲೇ 3.4 ಓಮ್ ಡಿಸಿ ಇರೋವಾಗ ಅದಕ್ಕೆ 0.6 ಸೇರಿದ್ರೆ ಬಾಕ್ಸಿನ ಕ್ಯೂ (ರೆಸೊನೆನ್ಸಲ್ಲಿ ಎಷ್ಟು ಉಬ್ಬುತ್ತೆ ಅನ್ನೋ ಅಳತೆ) 0.7 ಇದ್ದದ್ದು 0.8 ಹತ್ರ ಹೋಗುತ್ತೆ, ಅಷ್ಟೇ. ಪ್ರಳಯ ಏನೂ ಆಗಲ್ಲ.

ನಾನು ಬರೀ ಎರಡು ಚಾನೆಲ್ ಆಂಪ್ ಒಂದ್ರಲ್ಲೇ ಮುಂದಿನ ಎರಡು ಸ್ಪೀಕರ್ ಮತ್ತೆ ಸಬ್ ಮೂರನ್ನೂ ವರ್ಷಗಟ್ಟಲೆ ಓಡ್ಸಿದೀನಿ. ಟ್ರೈ ಮೋಡ್ ಅಂತಿದ್ರು ಆಗ. ಎಡ ಬಲ ಚಾನೆಲ್‌ಗೆ ಕೆಪಾಸಿಟರ್ ಮೂಲಕ ಡೋರ್ ಸ್ಪೀಕರ್, ಎರಡೂ ಚಾನೆಲ್ ಬ್ರಿಡ್ಜ್ ಮಾಡಿ ಕಾಯಿಲ್ ಮೂಲಕ ಸಬ್. ಇಲ್ಲಿ ಪ್ಯಾಸಿವ್ ಬಿಟ್ರೆ ಗತಿಯಿಲ್ಲ, ಯಾಕಂದ್ರೆ ಮೂರಕ್ಕೂ ಹೋಗೋದು ಒಂದೇ ಆಂಪ್ ಔಟ್‌ಪುಟ್. ಬ್ರಿಡ್ಜಲ್ಲಿರೋ 4 ಓಮ್ ಸಬ್ ಒಂದೊಂದು ಚಾನೆಲ್‌ಗೂ 2 ಓಮ್ ಥರ ಕಾಣುತ್ತೆ, ಅದ್ರ ಜೊತೆ 4 ಓಮ್ ಡೋರ್ ಸ್ಪೀಕರ್ ಸೇರ್ಕೊಂಡ್ರೆ 1.3 ಓಮ್ ಆಗಿ ಆಂಪ್ ಕೈ ಎತ್ತುತ್ತೆ. ಕೆಪಾಸಿಟರ್ರೂ ಕಾಯಿಲ್ಲೂ ಮಧ್ಯ ಇದ್ರೆ ಕೆಳಗಿನ ಸೌಂಡ್‌ಗೆ ಬರೀ ಸಬ್ ಕಾಣುತ್ತೆ, ಮೇಲಿನ ಸೌಂಡ್‌ಗೆ ಬರೀ ಡೋರ್ ಸ್ಪೀಕರ್ ಕಾಣುತ್ತೆ. ಅವತ್ತಿಗೆ ಅದು ಒಳ್ಳೇ ಐಡಿಯಾನೇ.

ಎಲೆಕ್ಟ್ರಾನಿಕ್ ಬಾಕ್ಸ್ ಅಂದ್ರೆ ಅದಕ್ಕೆ 12 ವೋಲ್ಟ್ ಬೇಕು, ಗ್ರೌಂಡ್ ಬೇಕು, ರಿಮೋಟ್ ವೈರ್ (ಆನ್ ಮಾಡ್ಸೋ ವೈರ್) ಬೇಕು, ಇನ್ನೊಂದು ಜೊತೆ ಆರ್‌ಸಿಎ ಬೇಕು. ಗ್ರೌಂಡ್ ಕೆಟ್ಟ ಜಾಗದಲ್ಲಿ ಹಾಕಿದ್ರೆ ಆಕ್ಸಿಲರೇಟರ್ ಒತ್ತಿದಂಗೆಲ್ಲಾ ಕುಯ್ಯ್ ಅಂತ ಆಲ್ಟರ್ನೇಟರ್ ಹಾಡೋಕೆ ಶುರು ಮಾಡುತ್ತೆ. ಕಾಯಿಲ್‌ಗೆ ಆ ಕಾಯಿಲೆ ಇಲ್ಲ. ಬಾಕ್ಸ್ ಕೈಯಲ್ಲೇ ಇದೆಯಲ್ಲ, ಹಾಕಿ ಒಂದು ಸಲ ಕೇಳಿ ನೋಡು ಮಗಾ, ಅರ್ಧ ಗಂಟೆ ಕೆಲಸ.

ಡಿಕ್ಕಿಗುಡುಗು:

ಮಾವ ಹೇಳಿದಂಗೆ ಹಾಕಿ ನೋಡ್ದೆ. ದನಿ ಡಿಕ್ಕಿಯಿಂದ ಅರ್ಧ ಈಚೆ ಬಂತು, ಪೂರ್ತಿ ಬರ್ಲಿಲ್ಲ. ಆದ್ರೆ ಬಾಸ್ ಒಂಥರಾ ಒಂದೇ ನೋಟ್ ಬಾಸ್ ಆಗೋಯ್ತು, ಬೇಸ್ ಗಿಟಾರ್ ಮೇಲೆ ಕೆಳಗೆ ಹೋದ್ರೂ ಒಂದು ಜಾಗ ಬಂದಾಗ ಮಾತ್ರ ಧುಂ ಅಂತ ಉಬ್ಬುತ್ತೆ, ಮಿಕ್ಕಿದ್ದೆಲ್ಲಾ ಸಪ್ಪೆ. ಮೊದ್ಲು ಹಂಗಿರ್ಲಿಲ್ಲ. ಕಾಯಿಲ್ ಮುಟ್ಟಿ ನೋಡ್ದೆ, ಬೆಚ್ಚಗಿತ್ತು, ಸುಡ್ತಿರ್ಲಿಲ್ಲ. ಅಂದ್ರೆ ಬಿಸಿ ವಿಷಯದಲ್ಲಿ ಮಾವ ಗೆದ್ರು, ಸೌಂಡ್ ವಿಷಯದಲ್ಲಿ ಗೊತ್ತಿಲ್ಲ.

ಮೀಟರ್ ಹಿಡ್ದೋನು:

ಆ ಧುಂ ಇದೆಯಲ್ಲ, ಅದೇ ನಿಜವಾದ ಉತ್ತರ. ಇಬ್ರೂ ಪವರ್ ಲಾಸ್ ಬಗ್ಗೆ ಕಿತ್ತಾಡಿದ್ರಿ, ಮುಖ್ಯ ಸಮಸ್ಯೆ ಅದಲ್ಲ.

ಬಾಕ್ಸ್ ಮೇಲೆ 4 ಓಮ್, 100 ಹರ್ಟ್ಸ್ ಅಂತ ಬರ್ದಿರೋದು ಸಬ್ ಬದ್ಲು 4 ಓಮ್ ರೆಸಿಸ್ಟರ್ ಕಟ್ಟಿದ್ರೆ ಮಾತ್ರ ಸತ್ಯ. ಸಬ್ ಅನ್ನೋದು ರೆಸಿಸ್ಟರ್ ಅಲ್ಲ. ಸೀಲ್ಡ್ ಬಾಕ್ಸಲ್ಲಿ ಕೂತಿರೋ 4 ಓಮ್ ಸಬ್ 45, 50 ಹರ್ಟ್ಸ್ ಆಸುಪಾಸು ರೆಸೊನೆನ್ಸ್ (ಕೋನ್ ತಾನಾಗೇ ಸುಲಭವಾಗಿ ಅಲ್ಲಾಡೋ ಫ್ರೀಕ್ವೆನ್ಸಿ) ಇರೋ ಜಾಗದಲ್ಲಿ 20, 30 ಓಮ್‌ವರೆಗೂ ಏರುತ್ತೆ, ಆಮೇಲೆ ಇಳಿದು ನೂರು ನೂರೈವತ್ತರ ಹತ್ರ 4 ಓಮ್ ಸುತ್ತಮುತ್ತ ಬರುತ್ತೆ, ಅಲ್ಲಿಂದ ಮೇಲೆ ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸ್ ಕಾರಣಕ್ಕೆ ಮತ್ತೆ ಏರ್ತಾ ಹೋಗುತ್ತೆ. 12 ಡಿಬಿ ಪ್ಯಾಸಿವ್ ಫಿಲ್ಟರ್‌ನಲ್ಲಿ ಕಾಯಿಲ್ ಕೆಪಾಸಿಟರ್ ಎರಡೂ ಸೇರಿ ಸ್ವತಃ ಒಂದು ಉಯ್ಯಾಲೆ, ಅದನ್ನ ಹಿಡ್ದು ನಿಲ್ಸೋ ಕೆಲಸ ಸ್ಪೀಕರ್‌ನ 4 ಓಮ್‌ದು. ಆ 4 ಓಮ್ ಹತ್ತೋ ಹನ್ನೆರಡೋ ಆಯ್ತು ಅಂದ್ರೆ ಹಿಡಿಯೋರು ಯಾರೂ ಇಲ್ಲ, ಉಯ್ಯಾಲೆ ಜೋರಾಗುತ್ತೆ. ನಿನ್ನ ಸಬ್ ರೆಸೊನೆನ್ಸ್ ಸ್ವಲ್ಪ ಮೇಲೆ ಇದ್ರೂ ಸಾಕು, ಫಿಲ್ಟರ್ ಕಟ್ ಮಾಡ್ಬೇಕಾದ ಜಾಗದಲ್ಲೇ ಉಬ್ಬು ಕೊಡುತ್ತೆ. ಅದೇ ನಿನ್ನ ಧುಂ.

ದನಿ ಪೂರ್ತಿ ಹೋಗ್ದೇ ಇರೋದಕ್ಕೂ ಕಾರಣ ಇದೆ. ಗಂಡಸರ ದನಿ ಶುರುವಾಗೋದೇ 85, 100 ಹರ್ಟ್ಸಿಂದ. 100 ಹರ್ಟ್ಸ್ ಕಟ್ ಅಂದ್ರೆ ಆ ದನಿಯ ಬುಡ ಪೂರ್ತಿ ಸಬ್ ಒಳಗೇ ಇದೆ, 12 ಡಿಬಿ ಸ್ಲೋಪಲ್ಲಿ ಒಂದು ಆಕ್ಟೇವ್ ಮೇಲೆ 200ಕ್ಕೆ ಹೋದ್ರೂ ಹೆಚ್ಚೂ ಕಮ್ಮಿ 12 ಡಿಬಿಯಷ್ಟೇ ಇಳಿದಿರುತ್ತೆ, ಮಾತು ಇನ್ನೂ ಅರ್ಥ ಆಗುತ್ತೆ. 24 ಡಿಬಿಯಲ್ಲಿ 80ಕ್ಕೆ ಕಟ್ ಮಾಡಿದ್ರೆ 160ಕ್ಕೆ 24 ಡಿಬಿ ಕೆಳಗೆ ಹೋಗಿರುತ್ತೆ. ಪರೀಕ್ಷೆ ಮಾಡ್ಬೇಕಾ? ಮುಂದಿನ ಸ್ಪೀಕರ್ ಎಲ್ಲಾ ಮ್ಯೂಟ್ ಮಾಡಿ ಯಾರಾದ್ರೂ ನ್ಯೂಸ್ ಓದ್ತಿರೋದನ್ನ ಬರೀ ಸಬ್‌ನಲ್ಲಿ ಹಾಕು. ಏನ್ ಹೇಳ್ತಿದಾರೆ ಅಂತ ಗೊತ್ತಾದ್ರೆ ಫಿಲ್ಟರ್ ಸಾಲ್ದು. ಪಕ್ಕದ ಮನೆಯಲ್ಲಿ ಯಾರೋ ಗೊಣಗಿದಂಗೆ ಕೇಳಿದ್ರೆ ಸರಿ ಇದೆ.

ಇನ್ನೊಂದು ಎಚ್ಚರಿಕೆ, ನಾನೇ ಅನುಭವಿಸಿದ್ದು. ಆ ಬಾಕ್ಸಲ್ಲಿ ಕಾಯಿಲ್ ಸೀರೀಸಲ್ಲಿ, ಕೆಪಾಸಿಟರ್ ಸಬ್‌ಗೆ ಪ್ಯಾರಲಲ್ ಇರುತ್ತೆ. ಒಂದಿನ ನನ್ನ ಸಬ್ ಟರ್ಮಿನಲ್‌ನ ವೈರ್ ಅಲ್ಲಾಡಿ ಕಳಚ್ಕೊಂಡಿತ್ತು, ಬಾಸ್ ಬರ್ತಿಲ್ಲ ಅಂತ ಪೆದ್ದು ನಾನು ವಾಲ್ಯೂಮ್ ಏರ್ಸ್ತಾ ಹೋದೆ, ಆಂಪ್ ಪ್ರೊಟೆಕ್ಷನ್‌ಗೆ ಹೋಯ್ತು, ಅಂದ್ರೆ ಶಾರ್ಟ್ ಅಂದ್ಕೊಂಡು ತಾನೇ ನಿಂತ್ಕೊಳ್ತು. ಸ್ಪೀಕರ್ರೇ ಇಲ್ಲದಾಗ ಶಾರ್ಟ್ ಎಲ್ಲಿಂದ ಬಂತು ಅಂತ ಒಂದು ಸಂಜೆ ಪೂರ್ತಿ ತಲೆ ಕೆರ್ಕೊಂಡೆ. ಆಮೇಲೆ ಹೊಳೀತು, ಸ್ಪೀಕರ್ ಇಲ್ಲ ಅಂದ್ರೆ ಆಂಪ್‌ಗೆ ಕಾಣೋದು ಕಾಯಿಲ್ಲು ಕೆಪಾಸಿಟರ್ರು ಮಾತ್ರ, ಅವೆರಡೂ ರೆಸೊನೇಟ್ ಆಗೋ ಫ್ರೀಕ್ವೆನ್ಸಿಯಲ್ಲಿ ಒಂದನ್ನೊಂದು ಹೊಡೆದು ಹಾಕಿ ಉಳಿಯೋದು ಬರೀ ತಂತಿಯ ರೆಸಿಸ್ಟೆನ್ಸ್, ಅಂದ್ರೆ ಅರ್ಧ ಓಮು.

ಮಾವ ಹೇಳಿದ ಟ್ರೈ ಮೋಡ್‌ಗೆ ನನ್ ಓಟೂ ಇದೆ, ಒಂದೇ ಆಂಪ್ ಇದ್ದಾಗ ಬೇರೆ ದಾರಿ ಇಲ್ಲ. ಇವ್ನ ಹತ್ರ ಸಬ್‌ಗೆ ಅಂತಲೇ ಪ್ರತ್ಯೇಕ ಆಂಪ್ ಇದೆಯಲ್ಲ, ಇಲ್ಲಿ ಪ್ಯಾಸಿವ್‌ಗೆ ಕೆಲಸವೇ ಇಲ್ಲ.

ಅಂದಹಾಗೆ ಯಾರೂ ಕೇಳ್ಲಿಲ್ಲ. ಹೆಡ್ ಯುನಿಟ್‌ನ ಆ ಆರ್‌ಸಿಎ ಔಟ್ ಹತ್ರ ರಿಯರ್ ಅಂತ ಇದೆಯಾ, ರಿಯರ್ ಸ್ಲ್ಯಾಷ್ ಸಬ್ ಅಂತ ಇದೆಯಾ? ಒಂದೇ ಜೊತೆ ಇರೋ ಎಷ್ಟೋ ಯುನಿಟ್‌ನಲ್ಲಿ ಅದನ್ನ ಸಬ್ ಔಟ್ ಆಗಿ ಬದಲಾಯ್ಸೋ ಆಯ್ಕೆ ಮೆನುವಲ್ಲಿ ಇರುತ್ತೆ. ಕೆಲವದ್ರಲ್ಲಿ ಸೋರ್ಸ್ ಆಫ್ ಮಾಡಿ ಬಟನ್ ಒತ್ತಿ ಹಿಡಿದ್ರೆ ಮಾತ್ರ ಆ ಮೆನು ಕಾಣೋದು. ಮೊದ್ಲು ಅದನ್ನ ನೋಡು, ಏನನ್ನೂ ಕೊಳ್ಳೋಕೆ ಮುಂಚೆ.

ಎಂಬತ್ತುಹರ್ಟ್ಸ್:

ಒಳ್ಳೇ ಪಾಯಿಂಟು, ನಾನೇ ಕೇಳ್ಬೇಕಿತ್ತು. ಇದ್ರೆ ಅದೇ ಎಲೆಕ್ಟ್ರಾನಿಕ್ ಕ್ರಾಸೋವರ್, ಬೇರೆ ಬಾಕ್ಸ್ ಬೇಡ, ಮಾವ ಹೆದರ್ಸಿದ ಗ್ರೌಂಡ್ ಕಾಟವೂ ಹೊಸದಾಗಿ ಬರಲ್ಲ. ನಿಜ ಹೇಳ್ಬೇಕಂದ್ರೆ ಬರೀ ಸಬ್‌ಗೆ ಹೋಗೋ ಲೈನಲ್ಲಿ ಆ ಕುಯ್ಯ್ ಕೇಳೋದೂ ಕಮ್ಮಿ, ಅದು ಬಾಸ್‌ಗಿಂತ ತುಂಬಾ ಮೇಲಿರೋ ಸೌಂಡು, ಫಿಲ್ಟರ್‌ಗಿಂತ ಮೊದ್ಲೇ ನುಗ್ಗಿದ್ರೆ ಬಾಸ್ ಜೊತೆ ಬರ್ದೇ ಅಲ್ಲೇ ಸತ್ತು ಹೋಗುತ್ತೆ. ಕಾಟ ಕೊಡೋದು ಮುಂದಿನ ಸ್ಪೀಕರ್ ಲೈನಲ್ಲಿ.

ಮೆನುವಲ್ಲಿ ಸಿಕ್ಕಿದ್ರೆ ಮೂರು ವಿಷಯ ನೋಡ್ಕೋ. ಲೋ ಪಾಸ್ 80, ಸ್ಲೋಪ್ 24 ಇದ್ರೆ 24. ಮುಂದಿನ ಸ್ಪೀಕರ್‌ಗೆ ಹೈ ಪಾಸ್ (ಮೇಲಿನ ಸೌಂಡ್ ಮಾತ್ರ ಬಿಡೋದು) ಕೂಡ 80ಕ್ಕೆ ಹಾಕು, ಇದನ್ನ ಜನ ಮರೀತಾರೆ, ಹಾಕಿದ್ಮೇಲೆ ಡೋರ್ ಸ್ಪೀಕರ್‌ಗಳು ಬಾಸ್ ಹೊರೋದು ಬಿಟ್ಟು ಉಸಿರಾಡ್ತವೆ. ಮೂರನೇದು ಫೇಸ್, ಅಂದ್ರೆ ಸಬ್ ಸೌಂಡೂ ಡೋರ್ ಸ್ಪೀಕರ್ ಸೌಂಡೂ ಒಂದೇ ಹೊತ್ತಿಗೆ ಏರಿಳೀತಾವಾ ಅನ್ನೋದು. 24 ಡಿಬಿ ಲಿಂಕ್‌ವಿಟ್ಸ್ ರೈಲಿ ಅನ್ನೋ ಥರದ ಫಿಲ್ಟರ್ ಆದ್ರೆ ಎರಡೂ ಕಡೆ ಕ್ರಾಸೋವರ್ ಜಾಗದಲ್ಲಿ 6 ಡಿಬಿ ಇಳಿದು ಒಂದೇ ಫೇಸಲ್ಲಿ ಕೂಡ್ಕೋತವೆ. 12 ಡಿಬಿ ಆದ್ರೆ ಎರಡೂ 180 ಡಿಗ್ರಿ ಎದುರು ಬದುರು, ಒಂದರ ಪೋಲಾರಿಟಿ (ಪ್ಲಸ್ ಮೈನಸ್) ಉಲ್ಟಾ ಮಾಡ್ಬೇಕು. ಆದ್ರೆ ಇದೆಲ್ಲಾ ಎರಡೂ ಸ್ಪೀಕರ್ ಒಂದೇ ಜಾಗದಲ್ಲಿ ಇದ್ದಾಗ, ಕಾರಲ್ಲಿ ಸಬ್ ಹಿಂದೆ, ಡೋರ್ ಮುಂದೆ. ಸಬ್ ನಿನ್ನ ಕಿವಿಗೆ ಒಂದೂವರೆ ಮೀಟರ್ ಜಾಸ್ತಿ ದೂರ ಇದ್ರೆ ಅದ್ರ ಸೌಂಡ್ ನಾಲ್ಕೂವರೆ ಮಿಲಿಸೆಕೆಂಡ್ ತಡವಾಗಿ ಬರುತ್ತೆ, 80 ಹರ್ಟ್ಸ್‌ನ ಒಂದು ಸುತ್ತೇ ಹನ್ನೆರಡೂವರೆ ಮಿಲಿಸೆಕೆಂಡ್, ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಡವಟ್ಟು. ಹಾಗಾಗಿ ಪುಸ್ತಕ ಬಿಡು, ಡ್ರೈವರ್ ಸೀಟಲ್ಲಿ ಕೂತು 80 ಹರ್ಟ್ಸ್ ಟೋನ್ ಹಾಕಿ ಪೋಲಾರಿಟಿ ನಾರ್ಮಲ್, ರಿವರ್ಸ್ ಎರಡೂ ಮಾಡಿ ನೋಡು, ಯಾವ್ದ್ರಲ್ಲಿ ಜೋರೋ ಅದೇ ಸರಿ.

ಡಿಕ್ಕಿಗುಡುಗು:

ಸಿಕ್ತು!! ಸೋರ್ಸ್ ಆಫ್ ಮಾಡಿ ನಾಬ್ ಒತ್ತಿ ಹಿಡಿದ್ರೆ ಇನ್ನೊಂದು ಮೆನು ಓಪನ್ ಆಗುತ್ತೆ, ಅದ್ರಲ್ಲಿ ರಿಯರ್ ಇದ್ದದ್ದನ್ನ ಸಬ್‌ವೂಫರ್ ಮಾಡ್ದೆ. ಇಷ್ಟು ವರ್ಷ ಈ ಯುನಿಟ್ ಕಣ್ಮುಂದೆ ಇಟ್ಕೊಂಡು ಒಂದು ದಿನಾನೂ ಆ ಕಡೆ ಹೋಗಿರ್ಲಿಲ್ಲ. ಲೋ ಪಾಸ್ 80 ಇದೆ, ಸ್ಲೋಪ್ 24 ಇದೆ, ಮುಂದಿನದ್ದಕ್ಕೆ ಹೈ ಪಾಸ್ ಕೂಡ ಇದೆ. ಪ್ಯಾಸಿವ್ ಬಾಕ್ಸ್ ಕಿತ್ತು ಸಬ್‌ನ ನೇರ ಆಂಪ್‌ಗೆ ಕೊಟ್ಟೆ.

ನ್ಯೂಸ್ ಟೆಸ್ಟ್ ಮಾಡ್ದೆ, ಒಂದು ಪದವೂ ಅರ್ಥ ಆಗ್ಲಿಲ್ಲ, ಬರೀ ಗೊಣಗಾಟ. ಪೋಲಾರಿಟಿ ರಿವರ್ಸಲ್ಲಿ ಬಾಸ್ ಜೋರಾಯ್ತು, ಅದಕ್ಕೇ ಬಿಟ್ಟೆ. ಒಂದು ವಿಚಿತ್ರ ಏನಂದ್ರೆ ರಿವರ್ಸ್ ಮಾಡಿದ್ಮೇಲೆ ಬಾಸ್ ಹಿಂದಿನಿಂದ ಬರ್ತಿದೆ ಅಂತಲೇ ಅನ್ಸಲ್ಲ, ಡ್ಯಾಶ್‌ಬೋರ್ಡ್ ಕೆಳಗಿಂದ ಬಂದಂಗೆ ಇದೆ. ಆ ಧುಂ ಕೂಡ ಹೋಯ್ತು, ಬೇಸ್ ಗಿಟಾರ್ ಮೆಟ್ಲು ಮೆಟ್ಲಾಗಿ ಇಳಿಯೋದು ಎಣಿಸ್ಬಹುದು.

ಮಾವ ಬೇಜಾರ್ ಮಾಡ್ಕೋಬೇಡಿ. ಕುತೂಹಲಕ್ಕೆ ಆ ಕಾಯಿಲ್‌ನ ಮೀಟರಲ್ಲಿ ಅಳೆದೆ, 0.9 ತೋರ್ಸ್ತು, ಪ್ರೋಬ್ ಎರಡೂ ಮುಟ್ಟಿಸಿದ್ರೆ 0.3, ಅಂದ್ರೆ ಕಳೆದ್ರೆ 0.6. ಎಂಬತ್ತು ಅವ್ರು ಸುಮ್ನೆ ಅಂದಾಜಿಗೆ ಹೇಳಿದ ನಂಬರ್ರೇ ಬಂತು.

ತಂತಿಮಾವ:

ಬೇಜಾರ್ ಯಾಕೆ, ಮೆನುವಲ್ಲೇ ಫಿಲ್ಟರ್ ಇದ್ರೆ ನಾನೂ ಕಾಯಿಲ್ ಹಾಕ್ತಿರ್ಲಿಲ್ಲ. ನಮ್ ಕಾಲದ ಯುನಿಟ್‌ನಲ್ಲಿ ಮೆನು ಅಂದ್ರೆ ಬಾಸ್, ಟ್ರೆಬಲ್ ಎರಡೇ. ಆ ಕಾಯಿಲ್ ಮಾತ್ರ ಎಸೀಬೇಡ, ಗೆಳೆಯನಿಗೆ ವಾಪಸ್ ಕೊಡು, ಅವ್ನು ಒಂದಿನ ಕೇಳೇ ಕೇಳ್ತಾನೆ.

ಗೇನ್ ಮತ್ತೆ ಸೆಟ್ ಮಾಡಿದ್ಯಾ? ಕಾಯಿಲ್ ತೆಗೆದ್ಮೇಲೆ ಸಬ್‌ಗೆ ಮೊದಲಿಗಿಂತ ಜಾಸ್ತಿ ಹೋಗ್ತಿರುತ್ತೆ.

ಡಿಕ್ಕಿಗುಡುಗು:

ಮಾಡ್ದೆ ಮಾವ, 50 ಹರ್ಟ್ಸ್ ಟೋನ್ ಹಾಕಿ, ಸಬ್ ವೈರ್ ಬಿಚ್ಚಿಟ್ಟು ಆಂಪ್ ಔಟ್‌ಪುಟಲ್ಲಿ ಮೀಟರ್ ಇಟ್ಟು 28 ವೋಲ್ಟ್‌ಗೆ ನಿಲ್ಸಿದೀನಿ, 200 ವ್ಯಾಟ್ 4 ಓಮ್ ಲೆಕ್ಕಕ್ಕೆ. ಈಗ ಉಳಿದಿರೋ ಒಂದೇ ಗೋಳು ಹಿಂದಿನ ನಂಬರ್ ಪ್ಲೇಟ್, ಬಾಸ್ ಬಂದಾಗೆಲ್ಲಾ ತಗಡು ತಟ್ಟಿದಂಗೆ ಝರ್ರ್ ಅಂತಿದೆ. ಅದಕ್ಕೆ ಯಾವ ಕ್ರಾಸೋವರ್ ಹಾಕ್ಲಿ?

ಮೀಟರ್ ಹಿಡ್ದೋನು:

ಪ್ಲೇಟ್ ಹಿಂದೆ ನಾಲ್ಕು ಮೂಲೆಗೂ ದಪ್ಪ ಫೋಮ್ ಟೇಪ್. 30ರಿಂದ 80ರವರೆಗೆ ಟೋನ್ ನಿಧಾನಕ್ಕೆ ಏರ್ಸ್ತಾ ಹೊರಗೆ ನಿಂತು ಕೈಯಲ್ಲಿ ಒಂದೊಂದೇ ಒತ್ತಿ ನೋಡು, ಪ್ಲೇಟ್ ಸುಮ್ನಾದ್ಮೇಲೆ ಡಿಕ್ಕಿ ಬಾಗಿಲಿನ ಒಳಗಿನ ಪ್ಯಾನೆಲ್ ಶುರು ಮಾಡುತ್ತೆ.